ಸೀಮಂತಕ್ಕೆ ಒಡೆದ ಗೋಡೆ

ನನ್ನ ಉದ್ಯೋಗವೇ ಬೇಡ ಎನ್ನುವುದು. ಡೆಟ್ರಾಯಿಟ್ ಪಕ್ಕದ ಸ್ಟರ್ಲಿಂಗ್ ಹೈಟ್ಸ್‌ನಲ್ಲಿ ಕಾರಿನ ಸೀಟುಗಳಿಗೆ ಕೊಂಡಿ ತಯಾರಿಸುವ ಕಾರ್ಖಾನೆಯೊಂದರಲ್ಲಿ ಗುಣಮಟ್ಟ ಪರೀಕ್ಷಿಸುವ ಎಂಜಿನಿಯರ್ ನಾನು. ಮಾಲು ಸರಿಯಿಲ್ಲ ಎನ್ನಿಸಿದರೆ ಇಡೀ ಲೈನನ್ನು ನಿಲ್ಲಿಸುವ ಅಧಿಕಾರ ನನಗಿದೆ. ನಿಲ್ಲಿಸಿದ್ದೇನೆ, ಅದಕ್ಕಾಗಿ ಮ್ಯಾನೇಜರುಗಳ ಹತ್ತಿರ ಬೈಸಿಕೊಂಡೂ ಇದ್ದೇನೆ. ಅಲ್ಲಿ ನಾನು ಬೇಡ ಎಂದರೆ ಯಂತ್ರಗಳು ನಿಲ್ಲುತ್ತವೆ. ನನ್ನ ಸ್ವಂತ ಮನೆಯಲ್ಲಿ ಒಂದು ಸುತ್ತಿಗೆ ನಿಲ್ಲಲಿಲ್ಲ.

ಮನೆ ಹಳೆಯದು. ಡೆಟ್ರಾಯಿಟ್ ನಗರದ ಒಳಗೇ ಇರುವ, ನೂರು ವರ್ಷಕ್ಕೆ ಹತ್ತಿರವಾದ ಇಟ್ಟಿಗೆ ಮನೆ. ನಮ್ಮ ಜನರೆಲ್ಲ ವೆಸ್ಟ್ ಬ್ಲೂಮ್‌ಫೀಲ್ಡ್ ಕಡೆ ಹೊಸ ಸಬ್‌ಡಿವಿಷನ್ನುಗಳಲ್ಲಿ, ಒಂದರ ಪಕ್ಕ ಒಂದು ಅಚ್ಚು ಹಾಕಿದಂತಿರುವ ಮನೆಗಳನ್ನು ಕೊಳ್ಳುವಾಗ ನಾವು ಇದನ್ನು ಕೊಂಡೆವು. ಊರಿಗೆಲ್ಲ ಒಂದು ದಾರಿಯಾದರೆ ಎಡವಟ್ಟರಿಗೇ ಒಂದು ದಾರಿ ಎಂದು, ಎಲ್ಲರೂ ಅಡುಗೆ ತಂದು ಸೇರುವ ಪಾಟ್‌ಲಕ್ ಊಟಗಳಲ್ಲಿ ಆಡಿಕೊಂಡರು. ಆಡಿಕೊಳ್ಳಲಿ. ಮಗಳು ಮದುವೆಯಾಗಿ ಶಿಕಾಗೋ ಕಡೆ ಹೋಗಿದ್ದಳು, ನಾನು, ನನ್ನ ಗಂಡ, ಇಬ್ಬರಿಗೆ ಎಷ್ಟು ಮನೆ ಬೇಕು? ದಪ್ಪ ಗೋಡೆ, ತೇಗದ ಬಣ್ಣಕ್ಕೆ ತಿರುಗಿದ ಓಕ್ ನೆಲ, ಬಣ್ಣದ ಗಾಜಿನ ಕಿಟಕಿ. ನನಗೆ ಆ ಮನೆಯೆಂದರೆ ಪ್ರಾಣವಾಗಿತ್ತು.

ನಡುಮನೆಯ ಒಂದು ಕಡೆ ಗೋಡೆ ಎರಡಡಿ ಮುಂದಕ್ಕೆ ಉಬ್ಬಿ ನಿಂತಿತ್ತು. ಅದರೊಳಗೆ ಚಿಮ್ನಿ, ಬುಡದಲ್ಲಿ ಸೌದೆ ಉರಿಸುವ ಫೈರ್‌ಪ್ಲೇಸ್. ಹಿಂದಿನವರು ಯಾರೋ ಅದರ ಬಾಯಿಗೆ ಹಲಗೆ ಹೊಡೆದು, ಪ್ಲಾಸ್ಟರ್ ಬಳಿದು ಮುಚ್ಚಿಬಿಟ್ಟಿದ್ದರು. ಅದನ್ನು ತೆರೆಯಬೇಕೆಂಬ ಆಸೆ ನನಗೇ ಎಲ್ಲರಿಗಿಂತ ಹೆಚ್ಚು. ಆದರೆ ಇಂಥದನ್ನು ತೆರೆಯುವುದಕ್ಕೆ ಒಂದು ಕ್ರಮ ಇದೆ, ಅದನ್ನು ನಾನು ಓದಿ, ಕೇಳಿ ತಿಳಿದುಕೊಂಡಿದ್ದೆ. ಮೇಲಿನ ಮಹಡಿಯಿಂದ ಸೂರಿನ ಆಚೆಯವರೆಗಿನ ಇಟ್ಟಿಗೆಯ ಭಾರವೆಲ್ಲ ಆ ಉಬ್ಬಿದ ಗೋಡೆಯ ಮೇಲೆ ಕೂತಿರುತ್ತದೆ. ಉತ್ಸಾಹದಲ್ಲಿ ಎರಡು ಸಾಲು ಹೆಚ್ಚು ಕಿತ್ತರೆ ಮೇಲಿನದು ತಲೆಯ ಮೇಲೆ ಬರುತ್ತದೆ. ಹಳೆಯ ಬಣ್ಣದಲ್ಲಿ ಸೀಸ ಇರಬಹುದು, ಮುಚ್ಚಿದ ಹಲಗೆಯಲ್ಲಿ ಆಸ್ಬೆಸ್ಟಾಸ್ ಇರಬಹುದು, ಪರೀಕ್ಷೆ ಮಾಡಿಸದೆ ಧೂಳೆಬ್ಬಿಸುವಂತಿಲ್ಲ. ಇವೆಲ್ಲಕ್ಕಿಂತ ದೊಡ್ಡದು ಇನ್ನೊಂದು. ಹೊರಗಿನಿಂದ ಒಂದೇ ಆಗಿ ಕಾಣುವ ಚಿಮ್ನಿಯೊಳಗೆ ಎರಡು ಹೊಗೆದಾರಿ ಅಕ್ಕಪಕ್ಕದಲ್ಲಿ ಹೋಗಿರಬಹುದು, ನಡುವೆ ಒಂದೇ ಇಟ್ಟಿಗೆಯ ತಡೆ. ನಮ್ಮದರಲ್ಲಿ ಫೈರ್‌ಪ್ಲೇಸಿನ ದಾರಿ ಸತ್ತಿತ್ತು, ಪಕ್ಕದ್ದು ಬದುಕಿತ್ತು. ಬೇಸ್‌ಮೆಂಟಿನಲ್ಲಿರುವ ಗ್ಯಾಸ್ ವಾಟರ್ ಹೀಟರಿನ ಹೊಗೆ ಅದರಲ್ಲೇ ಹೊರಗೆ ಹೋಗುತ್ತಿತ್ತು. ಆದ್ದರಿಂದ ಮೊದಲು ಚಿಮ್ನಿಯವನು ಬಂದು ಮೇಲಿನಿಂದ ಕ್ಯಾಮೆರಾ ಇಳಿಸಿ ನೋಡಬೇಕು, ಆಮೇಲೆ ಸುತ್ತಿಗೆಯ ಮಾತು. ಅವನನ್ನು ಗೊತ್ತು ಮಾಡಿ ದಿನವನ್ನೂ ಹಿಡಿದಿದ್ದೆ.

ಈ ನಡುವೆ ಮಗಳು ಬಸುರಾದಳು. ಹಿಂದಿನ ವರ್ಷ ಅವಳಿಗೆ ಒಂದು ಗರ್ಭ ನಿಂತಿರಲಿಲ್ಲ. ಈ ಸಲ ಏಳನೇ ತಿಂಗಳಿಗೆ ಬಿದ್ದಾಗ ಎಲ್ಲರೂ ನೆಮ್ಮದಿಯ ಉಸಿರು ಬಿಟ್ಟೆವು. ಅಳಿಯನ ತಂದೆತಾಯಿ ಮೈಸೂರಿನಲ್ಲಿರುವುದರಿಂದ ಸೀಮಂತ ನಮ್ಮ ಮನೆಯಲ್ಲಿ, ಹೋಮದೊಂದಿಗೆ ಎಂದು ತೀರ್ಮಾನವಾಯಿತು. ಅಲ್ಲಿಗೆ ನಮ್ಮ ಭಾವನವರ ಪ್ರವೇಶ.

ಭಾವ ಎಂದರೆ ನನ್ನ ಗಂಡನ ಅಣ್ಣ. ಕಾರಿನ ಕಂಪನಿಯಲ್ಲಿ ದೊಡ್ಡ ಕೆಲಸದಲ್ಲಿದ್ದು ನಿವೃತ್ತರಾದವರು. ವೆಸ್ಟ್ ಬ್ಲೂಮ್‌ಫೀಲ್ಡಿನ ಅವರ ಮನೆಯಲ್ಲಿ ಸ್ವಿಚ್ ಒತ್ತಿದರೆ ಗಾಜಿನ ಹಿಂದೆ ಬೆಂಕಿ ಹತ್ತುತ್ತದೆ. ಆ ಸ್ವಿಚ್ಚಿನಷ್ಟೇ ಅವರಿಗೂ ಬೆಂಕಿಗೂ ಇರುವ ಪರಿಚಯ. ಅವರು ಬೆಂಗಳೂರಿನ ವಾಸ್ತುವಿನವನೊಬ್ಬನಿಗೆ ನಮ್ಮ ಮನೆಯನ್ನು ಫೋನಿನಲ್ಲೇ ತೋರಿಸಿದರಂತೆ. ನಡುಮನೆಯ ಆ ಗೋಡೆ ಸರಿಯಾಗಿ ಆಗ್ನೇಯ ಮೂಲೆಯಲ್ಲಿದೆ, ಅಗ್ನಿಯ ಬಾಯಿ ಕಟ್ಟಿದ್ದಾರೆ, ಅಂಥ ಮನೆಯ ಹೆಣ್ಣುಮಗಳಿಗೆ ಸಂತಾನ ನಿಲ್ಲುವುದಿಲ್ಲ, ಸೀಮಂತಕ್ಕೆ ಮುಂಚೆ ಬಾಯಿ ಬಿಡಿಸಿ ಅದರ ಮುಂದೆಯೇ ಹೋಮ ಮಾಡಿ ಎಂದು ಅವನು ಹೇಳಿದನಂತೆ. ಮಗಳಿಗೆ ಹಾಗಾಗಿದ್ದು ಶಿಕಾಗೋ ಹತ್ತಿರ, ಎಲ್ಕ್ ಗ್ರೋವ್ ವಿಲೇಜಿನ ಅವಳ ಮನೆಯಲ್ಲಿದ್ದಾಗ. ಇಲಿನಾಯ್ಸ್‌ನಲ್ಲಿ ಆದದ್ದಕ್ಕೆ ಮಿಶಿಗನ್ನಿನ ಗೋಡೆ ಹೇಗೆ ಕಾರಣ ಎಂದು ಕೇಳಿದೆ. ತವರುಮನೆಯ ದೋಷ ಅಲ್ಲಿಗೂ ಹೋಗುತ್ತದೆ ಎಂದರು. ಐದು ಗಂಟೆ ಡ್ರೈವ್ ಮಾಡಿಕೊಂಡು ಹೋಗುತ್ತದೇನೋ.

ನಾನು ಜಗಳವಾಡಲಿಲ್ಲ. ಚಿಮ್ನಿಯವನು ಸೀಮಂತ ಆದ ಮೇಲಿನ ವಾರ ಬರುತ್ತಾನೆ, ಅವನು ನೋಡುವ ತನಕ ಯಾರೂ ಆ ಗೋಡೆ ಮುಟ್ಟಕೂಡದು ಎಂದೆ. ವಾಟರ್ ಹೀಟರಿನ ವಿಷಯವನ್ನು ಊಟದ ಮೇಜಿನ ಮೇಲೆ ಚಮಚ, ಲೋಟ ಇಟ್ಟು ತೋರಿಸಿ ಹೇಳಿದೆ. ಭಾವ ತಲೆಯಾಡಿಸಿದರು. ನನ್ನ ಗಂಡನೂ ತಲೆಯಾಡಿಸಿದರು. ಅವರು ಇಬ್ಬರ ಮಾತಿಗೂ ತಲೆಯಾಡಿಸುವವರು ಎಂಬುದು ಗೊತ್ತಿರಬೇಕಾಗಿತ್ತು, ಮೂವತ್ತು ವರ್ಷ ಸಂಸಾರ ಮಾಡಿದವಳಿಗೆ.

ಸೀಮಂತ ಭಾನುವಾರ. ಶನಿವಾರ ಬೆಳಿಗ್ಗೆ ನಾನೂ ಮಗಳೂ ಹೂವು, ಬಳೆ, ವೀಳ್ಯದೆಲೆ ತರಲು ಇಂಡಿಯನ್ ಅಂಗಡಿಗೆ ಹೋದೆವು. ಬರುವಷ್ಟರಲ್ಲಿ ಗೋಡೆ ಬಾಯಿ ತೆರೆದಿತ್ತು. ಹಳೆಯ ಬೆಡ್‌ಶೀಟುಗಳ ಮೇಲೆ ಒಡೆದ ಪ್ಲಾಸ್ಟರು, ಮಸಿ, ಹಕ್ಕಿಗೂಡಿನ ಒಣಕಡ್ಡಿ. ಭಾವ ಮೂಗಿಗೆ ಕರ್ಚೀಫ್ ಕಟ್ಟಿಕೊಂಡು ನಿಂತಿದ್ದರು. ನನ್ನ ಗಂಡ ಬಕೆಟ್ಟು ಹಿಡಿದಿದ್ದರು. ಬಾಯಿ ಚಿಕ್ಕದಾಯಿತೆಂದು ಒಳಗಿನ ಪಕ್ಕದ ಗೋಡೆಯನ್ನೂ ಅಷ್ಟಿಷ್ಟು ಕೆತ್ತಿದ್ದರು. ಕೆಲವು ಇಟ್ಟಿಗೆ ಒಳಕ್ಕೇ ಬಿದ್ದವಂತೆ, ಹೋಗಲಿ ಬಿಡು, ಕಾಣುವುದಿಲ್ಲವಲ್ಲ ಎಂದು ಭಾವ ಅಂದರಂತೆ. ಹತ್ತು ಗಂಟೆಗೆ ಒಳ್ಳೆಯ ಮುಹೂರ್ತ ಇತ್ತಂತೆ. ಚಿಮ್ನಿಯವನ ದಿನಕ್ಕೆ ಮುಹೂರ್ತ ಇರಲಿಲ್ಲವಂತೆ.

ಮೈಯೆಲ್ಲ ಉರಿಯಿತು. ಬಸುರಿ ಮಗಳನ್ನು ಆ ಧೂಳಿನಿಂದ ಮಹಡಿಗೆ ಕಳಿಸಿ, ಇದ್ದಬದ್ದದ್ದನ್ನೆಲ್ಲ ಅಂದೆ. ಇಷ್ಟು ದೊಡ್ಡ ಎಂಜಿನಿಯರುಗಳು ಮನೆಗೆ ಬಂದಾಗ ಬುದ್ಧಿಯನ್ನು ಚಪ್ಪಲಿಯ ಜೊತೆ ಹೊರಗೆ ಬಿಡುತ್ತೀರಾ ಎಂದೂ ಕೇಳಿದೆ. ಭಾವ ನಕ್ಕರು. ನಾನು ಮನೆಯಲ್ಲೂ ಇನ್‌ಸ್ಪೆಕ್ಷನ್ ಮಾಡುತ್ತೇನೆ ಎಂದು ತಮಾಷೆ ಮಾಡಿದರು. ನಾಳೆ ಶುಭಕಾರ್ಯ, ಮಗಳ ಮುಂದೆ ಅಳುವುದು ಕೂಗುವುದು ಬೇಡ ಎಂದು ಗಂಡ ಕಣ್ಣಿನಲ್ಲೇ ಬೇಡಿಕೊಂಡರು. ಹಲ್ಲು ಕಚ್ಚಿಕೊಂಡು ಒಳಗೆ ಹೋಗಿ ಕಾಫಿ ಬೆರೆಸಿ ತಂದುಕೊಟ್ಟೆ. ಬೇಸ್‌ಮೆಂಟಿಗೆ ಇಳಿದು ಹೀಟರಿನ ಕೊಳವೆಯನ್ನು ನೋಡಿಬಂದೆ, ಅದು ಇದ್ದ ಹಾಗೇ ಇತ್ತು. ಹೇಗೂ ಸೂರಿನಲ್ಲಿ ಅಲಾರಂಗಳಿವೆ, ಹೊಗೆಗೂ ಕೂಗುತ್ತವೆ, ಕಾರ್ಬನ್ ಮೊನಾಕ್ಸೈಡಿಗೂ ಕೂಗುತ್ತವೆ ಎಂದು ಸಮಾಧಾನ ಮಾಡಿಕೊಂಡೆ. ಹೊಸದಾಗಿ ಹಾಕಿಸಿದ್ದವು ಅವು.

ಭಾನುವಾರ ಚಳಿ. ಉಳಿದುಕೊಂಡಿದ್ದ ನೆಂಟರೆಲ್ಲ ಬೆಳಗಿನಿಂದ ಒಬ್ಬರ ಹಿಂದೆ ಒಬ್ಬರು ತಲೆಗೆ ಸ್ನಾನ ಮಾಡಿದರು. ಹೋಮದ ಹೊತ್ತಿಗೆ ಕಿಟಕಿ ತೆರೆದಿದ್ದೆವು. ಹೊಗೆಯಲ್ಲಿ ಒಂದಿಷ್ಟು ಆ ಹೊಸ ಬಾಯಿಯೊಳಗೆ ನುಗ್ಗಿತು. ನೋಡಿ, ಅಗ್ನಿಗೆ ತನ್ನ ದಾರಿ ಗೊತ್ತು ಎಂದು ಭಾವ ಎಲ್ಲರಿಗೂ ತೋರಿಸಿದರು. ಮಗಳು ಹಸಿರು ಸೀರೆ ಉಟ್ಟು, ಕೈತುಂಬ ಬಳೆ ತೊಟ್ಟು ಕೂತಿದ್ದಳು. ಹೂವು ಮುಡಿಸಿ ಆರತಿ ಮಾಡಿದೆವು. ಊಟವಾಯಿತು, ಚಳಿಯೆಂದು ಕಿಟಕಿಗಳೆಲ್ಲ ಮುಚ್ಚಿದವು, ಭಾವನ ಮನೆಯವರನ್ನು ಬಿಟ್ಟು ಉಳಿದ ನೆಂಟರು ಹೊರಟರು. ನಾನು ಅಡುಗೆಮನೆಯಲ್ಲಿ ದೊಡ್ಡ ಪಾತ್ರೆಗಳನ್ನು ಬಿಸಿನೀರು ಬಿಟ್ಟುಕೊಂಡು ತೊಳೆಯುತ್ತಾ ನಿಂತೆ. ಕೆಳಗೆ ಹೀಟರು ಬಿಡುವಿಲ್ಲದೆ ಉರಿಯುತ್ತಿತ್ತು.

ಮಗಳು ನಡುಮನೆಯ ಸೋಫಾದಲ್ಲಿ ಮಲಗಿದಳು. ತಲೆನೋವು ಎಂದಳು. ಆಮೇಲೆ ವಾಂತಿ ಮಾಡಿಕೊಂಡಳು. ಅದಕ್ಕೆ ಎಷ್ಟು ಕಾರಣಗಳು ಸಿದ್ಧವಾಗಿದ್ದವು! ಬಸುರಿಗೆ ವಾಂತಿ ಸಹಜ. ಊಟದ ತನಕ ಖಾಲಿ ಹೊಟ್ಟೆಯಲ್ಲಿದ್ದಳು. ಹೋಮದ ಹೊಗೆ ಕುಡಿದಿದ್ದಾಳೆ. ಇಷ್ಟು ಜನರ ದೃಷ್ಟಿ ತಾಗಿದೆ ಎಂದು ನನ್ನ ಓರಗಿತ್ತಿ, ಅಂದರೆ ಭಾವನ ಹೆಂಡತಿ, ಉಪ್ಪು ಮೆಣಸಿನಕಾಯಿ ಇಳಿ ತೆಗೆದು ಒಲೆಗೆ ಹಾಕಿದರು. ಅವರಿಗೂ ತಲೆ ಸಿಡಿಯುತ್ತಿತ್ತು. ನನ್ನ ಗಂಡ ಹಣೆಗೆ ಬಾಮ್ ತಿಕ್ಕಿಕೊಂಡು ಕುರ್ಚಿಯಲ್ಲಿ ಒರಗಿದ್ದರು. ಅಳಿಯ ಜೋಲಿ ಹೊಡೆಯುತ್ತಾ ಮೆಟ್ಟಿಲಲ್ಲಿ ಕೂತಿದ್ದ. ನನ್ನ ಕತ್ತಿನ ಹಿಂದೆಯೂ ನೋವು ಹಿಡಿದಿತ್ತು, ಎರಡು ದಿನದ ಓಡಾಟ ಅಂದುಕೊಂಡೆ.

ಬಾಳೆಎಲೆಗಳ ಚೀಲ ಎತ್ತಿಕೊಂಡು ಹಿತ್ತಿಲಿಗೆ ಹೋದೆ. ಡಬ್ಬದ ಮುಚ್ಚಳ ಹಾಕಿ, ಸುಮ್ಮನೆ ತಣ್ಣನೆಯ ಗಾಳಿಗೆ ನಿಂತೆ. ನೋವು ಹಗುರಾಯಿತು. ಒಳಗೆ ಬಂದೆ, ಸ್ವಲ್ಪದರಲ್ಲೇ ಮತ್ತೆ ಹಿಡಿಯಿತು. ಕಾರ್ಖಾನೆಯಲ್ಲಿ ನಾನು ಹೊಸಬರಿಗೆ ಹೇಳುವುದು ಒಂದೇ ಮಾತು: ಒಂದು ಕೊಂಡಿ ಕೆಟ್ಟರೆ ಕೊಂಡಿಯನ್ನು ನೋಡಿ, ಎಲ್ಲವೂ ಒಟ್ಟಿಗೆ ಕೆಟ್ಟರೆ ಲೈನನ್ನು ನೋಡಿ. ಒಬ್ಬಳಿಗೆ ಬಸಿರು, ಸರಿ. ಮನೆಯವರೆಲ್ಲರೂ ಬಸುರಿಯರೇ? ತಲೆಯೆತ್ತಿ ಸೂರು ನೋಡಿದೆ. ಅಲಾರಂ ಇರಬೇಕಾದ ಕಡೆ ಬರೀ ಬಿಳಿಯ ಬಿಲ್ಲೆ ಇತ್ತು. ಮೆಟ್ಟಿಲ ಹತ್ತಿರವೂ ಇರಲಿಲ್ಲ.

"ಅಲಾರಂ ಎಲ್ಲಿ?" ಎಂದು ಗಂಡನನ್ನು ಕೇಳಿದೆ.

"ಹೋಮಕ್ಕೆ ಕೂಗ್ಕೊಳತ್ತೆ ಅಂತ ಬೆಳಿಗ್ಗೇನೇ ತೆಗೆದಿಟ್ಟೆ ಕಣೆ. ಅಣ್ಣ ಹೇಳ್ದ. ಡ್ರಾಯರಲ್ಲಿದೆ."

ಇದು ನಮ್ಮವರ ಮನೆಮನೆಯಲ್ಲೂ ನಡೆಯುವುದೇ. ಯಾವ ಶಾಸ್ತ್ರದಲ್ಲೂ ಇಲ್ಲದ ವಿಧಿ. ಗಣಹೋಮ ಇರಲಿ, ಸತ್ಯನಾರಾಯಣ ಪೂಜೆಯ ಧೂಪ ಇರಲಿ, ಜೋರಾದ ಒಗ್ಗರಣೆಯೇ ಇರಲಿ, ಮನೆಯ ಯಜಮಾನ ಕುರ್ಚಿ ಹತ್ತಿ ಅಲಾರಮ್ಮಿನ ಕತ್ತು ತಿರುಗಿಸಿ, ಬ್ಯಾಟರಿ ಕಿತ್ತು ಡ್ರಾಯರಿಗೆ ಎಸೆಯುತ್ತಾನೆ. ಕೆಲವರು ಅದಕ್ಕೆ ಸ್ನಾನದ ಪ್ಲಾಸ್ಟಿಕ್ ಟೋಪಿ ತೊಡಿಸುತ್ತಾರೆ. ಎಲ್ಲರೂ ನಗುತ್ತಾರೆ. ತೆಗೆದದ್ದನ್ನು ಮತ್ತೆ ಹಾಕುವುದಕ್ಕೆ ಯಾರೂ ಕುರ್ಚಿ ಹತ್ತುವುದಿಲ್ಲ. ಈ ದೇಶದಲ್ಲಿ ನಾವು ಇಷ್ಟು ಓದಿ, ಇಷ್ಟು ದುಡಿದು, ನಮ್ಮ ಮಕ್ಕಳು ಮಲಗುವ ಮನೆಯ ಕಾವಲನ್ನು ನಾವೇ ಬಾಯಿಮುಚ್ಚಿಸಿ ಕೂರಿಸುತ್ತೇವೆ.

ಡ್ರಾಯರ್ ಎಳೆದು ಒಂದಕ್ಕೆ ಬ್ಯಾಟರಿ ತುರುಕಿದೆ. ಅದರ ಪುಟ್ಟ ಪರದೆಯ ಮೇಲೆ ಕಾರ್ಬನ್ ಮೊನಾಕ್ಸೈಡಿನ ಅಂಕಿ ಏರತೊಡಗಿತು. ಕೂಗುವ ತನಕ ಕಾಯಲಿಲ್ಲ, ನಾನೇ ಕೂಗಿದೆ. ಎಲ್ಲರೂ ಹೊರಗೆ, ಈಗಲೇ, ಚಪ್ಪಲಿ ಬೇಡ, ಬಾಗಿಲು ತೆಗೆದೇ ಇರಲಿ. ಸೋಫಾದ ಹತ್ತಿರ ಹೋಗಿ ಮಗಳ ಭುಜ ಹಿಡಿದು ಅಲ್ಲಾಡಿಸಿದೆ. ಅವಳ ಕಣ್ಣು ನನ್ನ ಮೇಲೆ ನಿಲ್ಲಲಿಲ್ಲ.

"ಅಮ್ಮಾ, ಐ ಜಸ್ಟ್ ವಾಂಟ್ ಟು ಸ್ಲೀಪ್," ಎಂದಳು.

ನಿದ್ದೆ ಮಾಡಲಿ ಬಿಡು ಪಾಪ, ಸುಸ್ತಾಗಿದ್ದಾಳೆ ಎಂದು ಭಾವ ಬಾಗಿಲಿನಿಂದ ಹೇಳಿದರು. ಆ ಮಾತನ್ನು ನಾನು ಸಾಯುವ ತನಕ ಮರೆಯುವುದಿಲ್ಲ. ಅಳಿಯ ಎಡವುತ್ತಾ ಬಂದು ಅವಳನ್ನು ಎತ್ತಿಕೊಂಡ. ಹುಲ್ಲಿನ ಮೇಲೆ ಕೂರಿಸಿ, ನನ್ನ ಶಾಲು ಹೊದಿಸಿ, ಅಗ್ನಿಶಾಮಕದವರಿಗೆ ಫೋನ್ ಮಾಡಿದೆ. ಮುಡಿದ ಮಲ್ಲಿಗೆ ಅವಳ ಕತ್ತಿಗೆ ಅಂಟಿತ್ತು. ಒಳಗೆ, ಈಗ, ಅಡುಗೆಮನೆಯಲ್ಲಿ ಬಿಟ್ಟುಬಂದ ಅಲಾರಂ ಅರಚಲು ಶುರುಮಾಡಿತು.

ಬಂದವರು ಮುಖಕ್ಕೆ ಮಾಸ್ಕ್ ಹಾಕಿಕೊಂಡು ಒಳಗೆ ಹೋಗಿ ಗ್ಯಾಸು ನಿಲ್ಲಿಸಿದರು. ಆಮೇಲೆ ತಿಳಿದದ್ದು ಇಷ್ಟು. ಶನಿವಾರ ಕೆತ್ತಿದ್ದು ಎರಡು ಹೊಗೆದಾರಿಗಳ ನಡುವಿನ ತಡೆಯನ್ನೇ. ಒಳಕ್ಕೆ ಬಿದ್ದ ಇಟ್ಟಿಗೆ, ಮಸಿ, ಹಕ್ಕಿಗೂಡು ಎಲ್ಲ ಸೇರಿ ಹೀಟರಿನ ದಾರಿಗೆ ಬಿರಡೆ ಹಾಕಿದ್ದವು. ಮೇಲೆ ಹೋಗಲಾರದ ಹೊಗೆ ಸ್ವಲ್ಪ ಬೇಸ್‌ಮೆಂಟಿಗೆ ಮರಳಿತ್ತು, ಉಳಿದದ್ದು ತಡೆ ಒಡೆದ ಕಡೆಯಿಂದ ಹೊಸ ಬಾಯಿಗೆ ಬಂದು, ಸೋಫಾದ ಎದುರಿಗೇ ಮನೆಯೊಳಗೆ ಇಳಿದಿತ್ತು. ಅದರಲ್ಲಿದ್ದ ಕಾರ್ಬನ್ ಮೊನಾಕ್ಸೈಡಿಗೆ ವಾಸನೆಯಿಲ್ಲ, ಬಣ್ಣವಿಲ್ಲ. ನಾನು ಶನಿವಾರ ಹೋಗಿ ನೋಡಿದ್ದ ಕೊಳವೆಯಲ್ಲಿ ಏನೂ ತಪ್ಪಿರಲಿಲ್ಲ, ಮುಚ್ಚಿದ್ದು ಅದರಿಂದ ಮೇಲೆ, ಕಣ್ಣಿಗೆ ಕಾಣದ ಕಡೆ. ಅದಕ್ಕೇ ಕ್ಯಾಮೆರಾ ಇಳಿಸಬೇಕು ಎಂದು ನಾನು ಬಾಯಿ ಬಡಿದುಕೊಂಡದ್ದು.

ಆಸ್ಪತ್ರೆಯಲ್ಲಿ ನಮಗೆಲ್ಲ ಆಕ್ಸಿಜನ್ ಕೊಟ್ಟರು. ನಾವು ಬೇಗ ಸರಿಹೋದೆವು. ಮಗಳನ್ನು ಮಾತ್ರ ಬೇರೆ ಆಸ್ಪತ್ರೆಗೆ, ಗಾಳಿಯ ಒತ್ತಡ ಹೆಚ್ಚಿಸಿದ ಕೋಣೆಯಲ್ಲಿಟ್ಟು ಆಕ್ಸಿಜನ್ ಕೊಡುವ ಕಡೆಗೆ ಸಾಗಿಸಿದರು. ಅಲ್ಲಿನ ಡಾಕ್ಟರ್ ಹೆಂಗಸು ನನಗೂ ಅಳಿಯನಿಗೂ ಬಿಡಿಸಿ ಹೇಳಿದಳು. ತಾಯಿಯ ರಕ್ತದಿಂದ ಈ ವಿಷ ಬೇಗ ಇಳಿಯುತ್ತದೆ, ಹೊಟ್ಟೆಯಲ್ಲಿರುವ ಮಗುವಿನ ರಕ್ತದಿಂದ ನಿಧಾನ. ಮಗುವಿನ ಎದೆಬಡಿತ ಇದೆ, ಅದು ಒಳ್ಳೆಯದು. ಆದರೆ ಮಿದುಳಿಗೆ ಏನಾದರೂ ಆಗಿದೆಯೇ ಎಂದು ಈಗ ಯಾರೂ ಹೇಳಲಾರರು, ಹುಟ್ಟಿ ಬೆಳೆಯುವಾಗ ನೋಡುತ್ತಾ ಹೋಗಬೇಕು. ಅಳಿಯ ಗೋಡೆಗೆ ಹಣೆಯೊತ್ತಿ ನಿಂತುಬಿಟ್ಟ. ನನಗೆ ಅಳು ಬರಲಿಲ್ಲ. ಕೋಪ ಎಷ್ಟಿತ್ತೆಂದರೆ ಅಳುವಿಗೆ ಜಾಗವಿರಲಿಲ್ಲ.

ಮರುದಿನ ಮಧ್ಯಾಹ್ನ ಭಾವ ಬಂದರು. ಕಾಗದದ ಪೊಟ್ಟಣದಲ್ಲಿ ಹೋಮದ ಭಸ್ಮ ತಂದಿದ್ದರು. ಕಾರಿಡಾರಿನಲ್ಲಿ ನನ್ನ ಕೈಗೆ ಕೊಡಲು ಬಂದರು.

"ನೋಡಮ್ಮಾ, ಎಂಥಾ ಕಂಟಕ ಇತ್ತು. ಹೋಮ ಮಾಡ್ಸಿದ್ದಕ್ಕೆ ಇಷ್ಟರಲ್ಲೇ ಕಳೀತು. ತಾಯಿ ಮಗು ಉಳ್ಕೊಂಡ್ರು."

"ಕಂಟಕ ಗೋಡೇಲಿರ್ಲಿಲ್ಲ ಭಾವ," ಎಂದೆ. "ಸುತ್ತಿಗೆ ಹಿಡ್ಕೊಂಡು ಮುಂಬಾಗಿಲಲ್ಲಿ ಬಂತು. ನಾನೇ ಕಾಫಿ ಕೊಟ್ಟೆ."

ಅವರು ಪೊಟ್ಟಣವನ್ನು ಮಡಿಸಿ ಜೇಬಿಗಿಟ್ಟುಕೊಂಡು ಹೋದರು. ತಪ್ಪಾಯಿತು ಎಂಬ ಒಂದು ಮಾತು ಅವರ ಬಾಯಿಂದ ಅಂದೂ ಬರಲಿಲ್ಲ, ಇಂದಿಗೂ ಬಂದಿಲ್ಲ. ದೇವಸ್ಥಾನದಲ್ಲಿ ಸಿಕ್ಕವರಿಗೆ ಹಳೇ ಮನೆ ನೋಡಿ, ಗ್ಯಾಸ್ ಲೀಕಾಗಿತ್ತು ಎಂದು ಹೇಳುತ್ತಾರಂತೆ. ಹಳೇ ಮನೆ! ನೂರು ವರ್ಷ ಯಾರನ್ನೂ ಕೊಲ್ಲದೆ ನಿಂತಿದ್ದ ಮನೆ ಅದು.

ಅವರು ಹೋದ ಮೇಲೆ ನನ್ನ ಗಂಡ ಮೆಲ್ಲಗೆ, ಅಣ್ಣನಿಗೆ ಹಾಗೆ ಅನ್ನಬಾರದಿತ್ತು ಎಂದರು. ಉರಿಯುವ ಬೆಂಕಿಗೆ ತುಪ್ಪ ಸುರಿದ ಹಾಗಾಯಿತು. ಭಾವನ ಮೇಲಿನ ಕೋಪವೇ ಬೇರೆ, ಇವರ ಮೇಲಿನದೇ ಬೇರೆ. ಭಾವನಿಗೆ ಗೊತ್ತಿರಲಿಲ್ಲ, ಗೊತ್ತು ಮಾಡಿಕೊಳ್ಳುವ ಮನಸ್ಸೂ ಇರಲಿಲ್ಲ. ಇವರಿಗೆ ಗೊತ್ತಿತ್ತು. ಮೇಜಿನ ಮೇಲೆ ಚಮಚ, ಲೋಟ ಇಟ್ಟು ತೋರಿಸಿದಾಗ ಎಲ್ಲ ಅರ್ಥವಾಗಿತ್ತು. ಆದರೂ ಅಣ್ಣ ಹೇಳಿದ ಎಂದು ಬಕೆಟ್ಟು ಹಿಡಿದರು, ಅಣ್ಣ ಹೇಳಿದ ಎಂದು ಕುರ್ಚಿ ಹತ್ತಿದರು. ಹಿರಿಯರಿಗೆ ಎದುರಾಡದವರು ಎಂದು ಇವರನ್ನು ಎಲ್ಲರೂ ಹೊಗಳುತ್ತಾರೆ. ಆ ಹೊಗಳಿಕೆಗೆ ನನ್ನ ಮಗಳ ಉಸಿರನ್ನು ಅಡವಿಟ್ಟರು. ನಾನು ಇದನ್ನೆಲ್ಲ ಅವರ ಮುಖಕ್ಕೇ ಹೇಳಿದೆ, ನರ್ಸು ಬಾಗಿಲು ಮುಚ್ಚಿಕೊಳ್ಳುವಷ್ಟು ಜೋರಾಗಿ ಹೇಳಿದೆ. ಅವರು ಆಸ್ಪತ್ರೆಯ ಕುರ್ಚಿಯಲ್ಲಿ ಕೂತು ತಮ್ಮ ಎರಡು ಕೈಗಳನ್ನು ನೋಡಿಕೊಳ್ಳುತ್ತಿದ್ದರು.

ಆಮೇಲೆ ಚಿಮ್ನಿಯವರು ಬಂದು ಕ್ರಮವಾಗಿಯೇ ಎಲ್ಲ ಮಾಡಿದರು. ಕ್ಯಾಮೆರಾ ಇಳಿಸಿದರು, ಬಿದ್ದದ್ದನ್ನು ತೆಗೆದರು, ಹೀಟರಿನ ದಾರಿಗೆ ಉಕ್ಕಿನ ಕೊಳವೆ ಹಾಕಿದರು, ಬಾಯಿಯ ಮೇಲೆ ಭಾರ ಹೊರಲು ತೊಲೆ ಕೂರಿಸಿದರು, ನಡುಮನೆಯನ್ನು ಪ್ಲಾಸ್ಟಿಕ್ಕಿನಿಂದ ಮುಚ್ಚಿ ಪ್ಲಾಸ್ಟರಿನ ಧೂಳನ್ನು ಹೊರಗೆ ಬಾರದಂತೆ ಹಿಡಿದರು. ನೋಡಿದವರು ಫೈರ್‌ಪ್ಲೇಸ್ ಎಷ್ಟು ಚೆನ್ನಾಗಿದೆ ಎನ್ನುತ್ತಾರೆ. ನಾನು ಅದಕ್ಕೆ ಬೆನ್ನು ಹಾಕಿ ಕೂರುತ್ತೇನೆ.

ಮೊಮ್ಮಗ ದಿನ ತುಂಬಿ ಹುಟ್ಟಿದ. ತೂಕ ಚೆನ್ನಾಗಿದೆ, ಹಾಲು ಚೆನ್ನಾಗಿ ಕುಡಿಯುತ್ತಾನೆ, ದನಿ ಬಂದ ಕಡೆ ತಿರುಗುತ್ತಾನೆ. ಎಲ್ಲ ಸುಸೂತ್ರವಾಯಿತಲ್ಲ, ಮಿಂಚಿ ಹೋದ ಕಾರ್ಯಕ್ಕೆ ಚಿಂತಿಸಿ ಫಲವೇನು, ಇನ್ನಾದರೂ ಕೋಪ ಬಿಡು ಎಂದು ಓರಗಿತ್ತಿ ಫೋನ್ ಮಾಡಿ ಬುದ್ಧಿ ಹೇಳುತ್ತಾರೆ. ಬಾಣಂತನಕ್ಕೆಂದು ನಾನು ಎಲ್ಕ್ ಗ್ರೋವ್ ವಿಲೇಜಿನಲ್ಲಿ ಮಗಳ ಮನೆಯಲ್ಲಿದ್ದೆ. ಮಗುವಿಗೆ ಎಣ್ಣೆ ಹಚ್ಚಿ, ನೀರು ಹಾಕಿ, ಸುತ್ತಿ ಮಲಗಿಸುತ್ತಿದ್ದೆ. ನೀರು ಹಾಕಿಸಿಕೊಂಡ ಮಗು ಗಾಢವಾಗಿ ನಿದ್ದೆ ಹೋಗುತ್ತಿತ್ತು. ಅಂಥ ನಿದ್ದೆಗೆ ಬೇರೆ ತಾಯಂದಿರು ದೇವರಿಗೆ ಕೈಮುಗಿಯುತ್ತಾರೆ. ನನ್ನ ಮಗಳು ತೊಟ್ಟಿಲ ಹತ್ತಿರ ಬಂದು ನಿಲ್ಲುತ್ತಿದ್ದಳು, ಸ್ವಲ್ಪ ಹೊತ್ತು ನೋಡುತ್ತಿದ್ದಳು, ಆಮೇಲೆ ಅಂಗಾಲಿಗೆ ಬೆರಳು ತಾಗಿಸಿ ಅವನನ್ನು ಎಬ್ಬಿಸುತ್ತಿದ್ದಳು. ಅವನು ಅತ್ತ ಮೇಲೆಯೇ ಅವಳು ಕೂರುತ್ತಿದ್ದದ್ದು.